ಒಂಬತ್ತನೇ ಪ್ರಶ್ನೆಗೆ ಸೊನ್ನೆ

ಆರು ವರ್ಷ ಆಯಿತು. ಮಳೆ ಜೋರಾದರೆ ಇವತ್ತಿಗೂ ಆ ಮಧ್ಯಾಹ್ನ ನೆನಪಾಗುತ್ತದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಮುಗಿಸಿ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಮಾಡಿಸಿ, ಮಂಗಳೂರಿನ ಒಂದು ಆಸ್ಪತ್ರೆ ಸೇರಿ ಎರಡನೇ ವರ್ಷ. ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ ಸಿಬಿಟಿ ಮೇಲೆ ನನಗೆ ಪೂರ್ತಿ ನಂಬಿಕೆ. ಮ್ಯಾನೇಜ್‌ಮೆಂಟ್‌ಗೆ ಬೇಕಿದ್ದದ್ದು 40 ನಿಮಿಷದ ಸ್ಲಾಟ್ ಮತ್ತು ಫೈಲಲ್ಲಿ ಸ್ಕೋರ್.

ಮೂಲ್ಕಿ ಕಡೆಯಿಂದ ಬರುತ್ತಿದ್ದ ಆ ಅಕ್ಕ ಬೀಡಿ ಕಟ್ಟುವವರು. ಮಾತಾಡುವಾಗೆಲ್ಲ ಬೆರಳು ಸೆರಗಿನ ತುದಿಯನ್ನು ಬೀಡಿ ಎಲೆಯ ಹಾಗೆ ಸುರುಳಿ ಸುತ್ತುತ್ತಿದ್ದವು. ಆ ದಿನ ಕೈ ಮಡಿಲಲ್ಲಿ ಸುಮ್ಮನಿದ್ದವು. 'ಆತಂಕ ಕಡಿಮೆ' ಎಂದು ಬರೆದೆ. ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಸ್ಕೋರ್ 27ಕ್ಕೆ 19 ಇದ್ದದ್ದು 8ಕ್ಕೆ ಇಳಿದಿತ್ತು. ಸಾಯುವ ಯೋಚನೆ ಬಗ್ಗೆ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಖುಷಿಯಾಯಿತು.

ಮುಂದಿನ ವಾರದ ಚೀಟಿ ಕೊಟ್ಟೆ. ಬಾಗಿಲ ಹತ್ತಿರ ಮೆಲ್ಲಗೆ ಅಂದರು, "ಎಂಕ್ ದಾಲ ಬೊಡ್ಚಿ ಮೇಡಂ." ಚೀಟಿ ಬೇಡ ಅನ್ನುತ್ತಿದ್ದಾರೆ ಅಂದುಕೊಂಡೆ.

ನೋಟ್ಸ್ ಬರೆಯುತ್ತಾ ಕೈ ನಿಂತಿತು. ಚೀಟಿ ಬೇಡದಿದ್ದರೆ 'ಬೊಡ್ಚಿ' ಅಂದರೆ ಸಾಕಿತ್ತು. 'ದಾಲ ಬೊಡ್ಚಿ' ಅಂದರೆ ಏನೂ ಬೇಡ. ನನ್ನ ಮನೆಮಾತೂ ತುಳು. ಫಾರ್ಮ್ ಕನ್ನಡದಲ್ಲಿದೆ ಅಂತ ಅವರನ್ನು ಕನ್ನಡದಲ್ಲೇ ಕೂರಿಸಿದ್ದೆ.

ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಫೈಲಲ್ಲಿ ಮನೆಯವರ ನಂಬರಿನ ಜಾಗ ಖಾಲಿ. ಮೊದಲ ಸಲ ಬಂದ ಇನ್‌ಟೇಕ್ ದಿನ 'ಆಮೇಲೆ ಕೇಳಿದರಾಯಿತು' ಅಂತ ಬಿಟ್ಟವಳು ನಾನೇ. ಎರಡನೇ ಸಲ, ಮೂರನೇ ಸಲ. ಹೊರಗೆ ಮುಂದಿನ ಪೇಷಂಟ್ ಕಾಯುತ್ತಿದ್ದರು. ನನ್ನ ಕೈ ತಣ್ಣಗಾಗಿತ್ತು. ನಾಲ್ಕನೇ ಸಲ ಎತ್ತಿದರು. ಹಿಂದೆ "ಮೂಲ್ಕಿ, ಉಡುಪಿ" ಅಂತ ಕಂಡಕ್ಟರ್ ಕೂಗುತ್ತಿದ್ದ.

ತುಳುವಿನಲ್ಲೇ ಕೇಳಿದೆ, ಅಕ್ಕ, ಸಾಯುವ ಯೋಚನೆ ಬರ್ತಾ ಉಂಟಾ?

ತುಂಬ ಹೊತ್ತು ಮಳೆಯ ಸದ್ದು ಮಾತ್ರ. ಆಮೇಲೆ, "ಅಂದ್." ಹೌದು ಅಂತ.

ಫೋನ್ ಇಡದೆ ಆಟೋ ಹತ್ತಿ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಹೋದೆ. ಅಕ್ಕನನ್ನು ಅವತ್ತೇ ಸೈಕಿಯಾಟ್ರಿಸ್ಟ್ ನೋಡಿದರು. ಅವರ ತಂಗಿಯನ್ನು ಕರೆಸಿ, ಮೂವರೂ ಕೂತು, ಆ ಯೋಚನೆ ಬಂದರೆ ಏನು ಮಾಡಬೇಕು, ಯಾರನ್ನು ಕರೆಯಬೇಕು ಅನ್ನುವ ಸೇಫ್ಟಿ ಪ್ಲಾನ್ ಬರೆದೆವು. ಸ್ಲಾಟ್ ತಪ್ಪಿಸಿದ್ದಕ್ಕೆ ಮಾರನೇ ದಿನ ನನ್ನಿಂದ ವಿವರಣೆ ಕೇಳಿದರು. ಆ ಸಿಟ್ಟು ಇನ್ನೂ ಹೋಗಿಲ್ಲ.

ಈಗ ಮನೆಯವರ ನಂಬರ್ ಮೊದಲು. ಒಂಬತ್ತನೇ ಪ್ರಶ್ನೆಯನ್ನು ಸೊನ್ನೆ ಇದ್ದರೂ ಅವರ ಮಾತಿನಲ್ಲೇ ಬಾಯಿಬಿಟ್ಟು ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಜಾಸ್ತಿ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಚೀಟಿಯ ಹಿಂದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಬರೆದು ಕೊಡುತ್ತೇನೆ. 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ.

ಮುಂದಿನ ವಾರ ಅಕ್ಕ ಬಂದರು. ಬೆರಳು ಮತ್ತೆ ಸೆರಗು ಸುತ್ತುತ್ತಿದ್ದವು. ಫೈಲ್ ಬದಿಗಿಟ್ಟು ತುಳುವಿನಲ್ಲಿ ಶುರು ಮಾಡಿದೆ.