ನೆಲದ ತುಂಬಾ ಬಳೆ

ಕನ್ನಡಕ ಕೈಕೊಡದಿದ್ದರೆ ನಾನು ಅವತ್ತು ನೆಲವನ್ನು ನೋಡುತ್ತಲೇ ಇರಲಿಲ್ಲ.

2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣ ಇತ್ತು. ಉಂಗುರ ಪೂರ್ತಿ ಕಾಣುವ ಪಟ್ಟಿ ಕಾಸರಗೋಡು ಜಿಲ್ಲೆಯ ಮೇಲೂ ಹಾದುಹೋಗುತ್ತಿತ್ತು. ಅಲ್ಲಿನ ಚೆರುವತ್ತೂರಿಗೆ ನಾನೂ ಅಕ್ಕನ ಮಗಳು ಪುಟ್ಟಿಯೂ ರೈಲು ಹತ್ತಿದೆವು. ಪುಟ್ಟಿ ಆಗ ಎಂಟನೇ ಕ್ಲಾಸು.

ನಿದ್ದೆ ಮಾಡು ಅಂದರೆ ಕೇಳಬೇಕಲ್ಲ. "ಮಾವ, ಗ್ರಹಣ ಆಗೋದು ಅಮಾವಾಸ್ಯೆ ದಿನ. ಹಾಗಿದ್ರೆ ಪ್ರತಿ ಅಮಾವಾಸ್ಯೆಗೂ ಯಾಕೆ ಆಗಲ್ಲ?"

"ಚಂದ್ರನ ದಾರಿ 5 ಡಿಗ್ರಿ ಓರೆ ಇದೆ, ಅದಕ್ಕೆ."

"ಅಷ್ಟೇನಾ? ಬರೀ 5 ಡಿಗ್ರಿನಾ?"

ನಾನೂ ಶಾಲೆಯಲ್ಲಿ ಈ ಉತ್ತರ ಬರೆದು ಮಾರ್ಕ್ಸ್ ತಗೊಂಡವನೇ. ಆದರೆ ಐದೇ ಡಿಗ್ರಿಯಿಂದ ಅಷ್ಟು ದೊಡ್ಡ ನೆರಳು ಹೇಗೆ ತಪ್ಪಿಹೋಗುತ್ತದೆ ಅಂತ ಯೋಚಿಸಿರಲಿಲ್ಲ. ಪುಸ್ತಕದ ಚಿತ್ರಗಳಲ್ಲಿ ಭೂಮಿ, ಚಂದ್ರ ಅಂಟಿಕೊಂಡೇ ಇರುತ್ತವೆ, ತಪ್ಪಲು ಜಾಗವೇ ಇರುವುದಿಲ್ಲ. ಆ ಚಿತ್ರಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅವಳ ಬ್ಯಾಗಿನಲ್ಲಿ ಒಂದು ಟೆನಿಸ್ ಚೆಂಡು, ಒಂದು ಗೋಲಿ ಇದ್ದವು. ಚೆಂಡು ಭೂಮಿಯಾದರೆ ಗೋಲಿ ಹೆಚ್ಚುಕಮ್ಮಿ ಚಂದ್ರ. ಎರಡನ್ನೂ ಎಷ್ಟು ದೂರ ಇಡಬೇಕು ಅಂತ ಕೇಳಿದೆ. ಅವಳು ಒಂದು ಗೇಣು ಬಿಟ್ಟು ಇಟ್ಟಳು. ಲೆಕ್ಕ ಹಾಕಿದರೆ ನಡುವೆ 30 ಚೆಂಡು ಹಿಡಿಯಬೇಕು, ಅಂದರೆ ಎರಡು ಮೀಟರ್. ಸೈಡ್ ಬರ್ತ್‌ನ ಆ ತುದಿಗೆ ಚೆಂಡು, ಈ ತುದಿಗೆ ಗೋಲಿ ಹೋಯಿತು.

"ಸೂರ್ಯ ಎಲ್ಲಿ?"

"ಎಂಜಿನ್ ದಿಕ್ಕಿಗೆ, ಸುಮಾರು 800 ಮೀಟರ್ ಆಚೆ. ಇಡೀ ರೈಲೇ ಅಷ್ಟು ಉದ್ದ ಇಲ್ಲ. ಅಲ್ಲಿ 7 ಮೀಟರ್ ಅಗಲದ ಗುಂಡು."

ಅವಳು ಗೋಲಿಯನ್ನು ಹಿಡಿದುಕೊಂಡಳು. ಎರಡು ಮೀಟರ್ ದೂರದಲ್ಲಿ 5 ಡಿಗ್ರಿ ಅಂದರೆ 18 ಸೆಂಟಿಮೀಟರ್, ಹತ್ತಿರಹತ್ತಿರ ಒಂದು ಗೇಣು. ಗೋಲಿಯನ್ನು ಅಷ್ಟು ಮೇಲೆತ್ತಿದಳು. ಚೆಂಡಿನ ಅಗಲ 7 ಸೆಂಟಿಮೀಟರ್ ಕೂಡ ಇಲ್ಲ. ಗೋಲಿಯ ನೆರಳು ಚೆಂಡಿನ ತಲೆಯ ಮೇಲಿಂದ ಆರಾಮಾಗಿ ಹಾದುಹೋಗುತ್ತದೆ. ಕೈ ಕೆಳಗಿಳಿಸಿದರೆ ಅಡಿಯಿಂದ ಹೋಗುತ್ತದೆ. ಏರುವಾಗಲೋ ಇಳಿಯುವಾಗಲೋ ಸೂರ್ಯನ ಸಮಕ್ಕೆ ಬರುವ ಹೊತ್ತಿಗೇ ಅಮಾವಾಸ್ಯೆಯೂ ಬೀಳಬೇಕು. ಅಂಥ ಕಾಲ ಬರುವುದು ಆರು ತಿಂಗಳಿಗೆ ಸ್ವಲ್ಪ ಮೊದಲು, ಒಂದೊಂದು ಸಲ.

"ಹಾಗಾದ್ರೆ ತಪ್ಪೋದೇ ಜಾಸ್ತಿ," ಅಂದಳು. ಆಮೇಲೆ ಗೋಲಿಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡೇ ಮಲಗಿದಳು.

ಬೆಳಿಗ್ಗೆ ಮೈದಾನಕ್ಕೆ ಹೊರಡುವ ಮೊದಲು ಸುಮ್ನೆ ಗ್ರಹಣದ ಕನ್ನಡಕ ಹಾಕಿಕೊಂಡು ನೋಡಿದೆ. ರೂಮಿನ ಬಲ್ಬು ಕಂಡಿತು. ಕಿಟಕಿ ಕಂಡಿತು. ಪುಟ್ಟಿಯ ನಗುವೂ ಕಂಡಿತು. ಎದೆ ಧಸಕ್ ಅಂತು. ಸರಿಯಾದ ಫಿಲ್ಟರ್ ಆಗಿದ್ದರೆ ಸೂರ್ಯನನ್ನು ಬಿಟ್ಟು ಏನೂ ಕಾಣಬಾರದು. ಮೇಲೆ ಏನು ಮುದ್ರೆ ಇದ್ದರೂ ನಂಬಬೇಡಿ, ತರಿಸಿದ ದಿನವೇ ಪರೀಕ್ಷಿಸಿ. ನನ್ನ ಹಾಗೆ ಗ್ರಹಣದ ಬೆಳಿಗ್ಗೆ ಅಲ್ಲ. ಕಂಕಣ ಗ್ರಹಣದಲ್ಲಂತೂ ಒಂದು ಕ್ಷಣವೂ ಬರಿಗಣ್ಣಲ್ಲಿ ನೋಡುವಂತಿಲ್ಲ, ಉಳಿದ ಉಂಗುರವೇ ಕಣ್ಣು ಸುಡಲು ಸಾಕು.

ಮೈದಾನದಲ್ಲಿ ಮಕ್ಕಳನ್ನು ಕರೆತಂದಿದ್ದ ಮೇಷ್ಟ್ರೊಬ್ಬರು ತಮ್ಮ ಕನ್ನಡಕ ಆಗಾಗ ಕೊಡುತ್ತೇನೆ ಅಂದರು. ನಮ್ಮ ಸರದಿ ಬರುವ ತನಕ ಮಾವಿನ ಮರದ ಕೆಳಗೆ ನಿಂತೆವು. ಎಂಟು ದಾಟಿದಾಗ ಸೂರ್ಯನ ಅಂಚಿಗೆ ಕಚ್ಚು ಬಿತ್ತು. ಮುಂದಿನ ಒಂದು ಗಂಟೆ ಅಂಥದ್ದೇನೂ ಇಲ್ಲ. ಬಿಸಿಲು ಮಂಕಾಯಿತು, ಗಾಳಿ ತಣ್ಣಗಾಯಿತು, ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರು. ಅದರಲ್ಲಿ ಒಂದು ಬೆಳ್ಳನೆ ಕಲೆ ಬಿಟ್ಟರೆ ಬೇರೇನು ಬರುತ್ತದೆ?

"ಮಾವ, ಕೆಳಗೆ ನೋಡು!"

ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಒಂದೆರಡಲ್ಲ, ನೂರಾರು. ನನ್ನ ಚಪ್ಪಲಿಯ ಮೇಲೆ, ಅವಳ ಜಡೆಯ ಮೇಲೆ, ಮಣ್ಣಿನ ಮೇಲೆ. ಪ್ರತಿ ಸಂದಿಯೂ ಒಂದೊಂದು ಸೂಜಿರಂಧ್ರದ ಕ್ಯಾಮೆರಾ. ಮರದ ನೆರಳಿನಲ್ಲಿ ದಿನಾ ಕಾಣುವ ಆ ದುಂಡು ಚುಕ್ಕೆಗಳು ಸೂರ್ಯನ ಚಿತ್ರಗಳೇ ಅಂತ ನಲವತ್ತು ವರ್ಷ ನನಗೆ ಹೊಳೆದಿರಲಿಲ್ಲ.

ಒಂಬತ್ತೂವರೆಗೆ ಇನ್ನೂ ಸ್ವಲ್ಪ ಇರುವಾಗ ಕುಡುಗೋಲುಗಳ ತುದಿಗಳು ಕೂಡಿಕೊಂಡವು. ನೆಲದ ತುಂಬಾ ಬಳೆ. ಒಂದರ ಮೇಲೊಂದು ಬಿದ್ದ, ಗಾಳಿಗೆ ನಡುಗುವ ಬೆಳಕಿನ ಬಳೆಗಳು. ಕಂಕಣ ಅಂತ ಹೆಸರಿಟ್ಟವರು ಸೂರ್ಯನನ್ನು ನೋಡಿ ಇಟ್ಟರೋ ನೆಲ ನೋಡಿ ಇಟ್ಟರೋ ಅನ್ನಿಸಿತು. ಎಲ್ಲವೂ ಉದ್ದುದ್ದ ಇದ್ದವು, ಏಕೆಂದರೆ ಸೂರ್ಯ ಇನ್ನೂ ಓರೆಯಲ್ಲಿದ್ದ. ಪುಟ್ಟಿ ನೋಟ್‌ಬುಕ್ಕನ್ನು ಸೂರ್ಯನ ಕಡೆಗೆ ವಾಲಿಸಿ ಹಿಡಿದಳು. ಹಾಳೆಯ ಮೇಲೆ ಬಳೆ ದುಂಡಗಾಯಿತು. ಮೇಷ್ಟ್ರು ಕನ್ನಡಕ ಕೊಟ್ಟಾಗ ಆಕಾಶದಲ್ಲೂ ನೋಡಿದೆ. ಚೆನ್ನಾಗಿತ್ತು. ಆದರೆ ಮತ್ತೆ ನೆಲಕ್ಕೇ ಬಂದೆ. ಮೂರು ನಿಮಿಷಕ್ಕೆ ಬಳೆಗಳು ಒಡೆದವು.

"ಪೂರ್ತಿ ಯಾಕೆ ಮುಚ್ಚಲಿಲ್ಲ?"

ಸೂರ್ಯ ಚಂದ್ರನ 400 ಪಟ್ಟು ಅಗಲ, ದೂರವೂ ಹತ್ತಿರಹತ್ತಿರ 400 ಪಟ್ಟು. ಅದಕ್ಕೇ ಎರಡೂ ಒಂದೇ ಗಾತ್ರ ಕಾಣುತ್ತವೆ. ಅವತ್ತು ಚಂದ್ರ ತೀರಾ ದೂರವೇನೂ ಇರಲಿಲ್ಲ. ಆದರೆ ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ, 14.7 ಕೋಟಿ ಕಿಲೋಮೀಟರಿಗೆ. ಹಾಗಾಗಿ ಸೂರ್ಯ ಒಂದು ಚೂರು ದಪ್ಪ ಕಂಡ.

"ಚಳಿಗಾಲದಲ್ಲಿ ಸೂರ್ಯ ಹತ್ತಿರನಾ? ಸುಳ್ಳು!"

ಚಳಿಗೆ ಕಾರಣ ದೂರ ಅಲ್ಲ, ಭೂಮಿ ಇಪ್ಪತ್ಮೂರೂವರೆ ಡಿಗ್ರಿ ವಾಲಿಕೊಂಡಿರುವುದು ಅಂತ ಹೇಳುವಷ್ಟರಲ್ಲಿ ಮಧ್ಯಾಹ್ನ ಆಯಿತು.

ಸಂಜೆ ಕಡಲ ಕಡೆ ಹೋದೆವು. ಅಮಾವಾಸ್ಯೆಗೆ ಸೂರ್ಯ, ಚಂದ್ರ ಒಂದೇ ಸಾಲಿನಿಂದ ಎಳೆಯುವುದರಿಂದ ಉಬ್ಬರ ಇಳಿತ ಎರಡೂ ಜೋರು. ಎಳೆತದಲ್ಲಿ ಸೂರ್ಯನ ಪಾಲು ಚಂದ್ರನದರ ಅರ್ಧಕ್ಕೂ ಸ್ವಲ್ಪ ಕಮ್ಮಿ. ಪುಟ್ಟಿಗೆ ಅದರ ಮೇಲೆ ಗಮನವೇ ಇರಲಿಲ್ಲ. ಮರಳಿನ ಮೇಲೆ ಬಳೆ ಬರೆಯುತ್ತಿದ್ದಳು.

2031ರ ಮೇ 21ಕ್ಕೆ ಕೇರಳದ ಮೇಲೆ ಮತ್ತೊಂದು ಕಂಕಣ ಗ್ರಹಣ ಇದೆ. ಅದು ಮಧ್ಯಾಹ್ನದ ಹೊತ್ತಿಗೆ, ಸೂರ್ಯ ನೆತ್ತಿಯ ಹತ್ತಿರ ಇರುವಾಗ. ನೋಟ್‌ಬುಕ್ ವಾಲಿಸುವ ಕೆಲಸವೇ ಇಲ್ಲ, ಬಳೆ ನೆಲದ ಮೇಲೇ ದುಂಡಗೆ ಬೀಳುತ್ತದೆ ಅಂತ ಅವಳ ಲೆಕ್ಕ. ಕನ್ನಡಕ ಮಾತ್ರ ತಾನೇ ತರುತ್ತಾಳಂತೆ.