ಕಿರುಚಿತ್ರ ಬಿಟ್ಟು ಕಾಕಾನ ಪದ ಹಿಡಿದೆವು

ನಮ್ಮ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟಿಗೆ ಎರಡು ದಾರಿ ಕೊಟ್ಟಿದ್ದಾರೆ. ಐದು ನಿಮಿಷದ ಕಿರುಚಿತ್ರ ಮಾಡಬೇಕು, ಇಲ್ಲ ಒಂದು ಹಾಡಿನ ಮ್ಯೂಸಿಕ್ ವಿಡಿಯೋ. ನಾನು ಓದುತ್ತಿರುವುದು ಧಾರವಾಡದಲ್ಲಿ, ಪತ್ರಿಕೋದ್ಯಮ. ಊರು ಗದಗ ಜಿಲ್ಲೆಯ ಮುಂಡರಗಿ ಕಡೆ. ಗುಂಪಿನಲ್ಲಿ ನಾಲ್ವರಿದ್ದೇವೆ. ಮೂವರು ಕಿರುಚಿತ್ರವೇ ಆಗಲಿ ಅಂದರು, ನಾನೊಬ್ಬಳು ಮ್ಯೂಸಿಕ್ ವಿಡಿಯೋ ಅಂದೆ. ಕೊನೆಗೆ ಎಲ್ಲರೂ ಒಪ್ಪಿದರು. ಕ್ಲಾಸಿನಲ್ಲಿ ಬಹಳ ಜನ ಮ್ಯೂಸಿಕ್ ವಿಡಿಯೋವನ್ನು ಸುಲಭದ ಕೆಲಸ ಅಂದುಕೊಂಡಿದ್ದಾರೆ. ಅದಕ್ಕೇ ನಾವು ಹೇಗೆ ಆರಿಸಿದೆವು ಅಂತ ಬರೆಯುತ್ತಿದ್ದೇನೆ.

ಗೆಳತಿ ಬರೆದಿದ್ದ ಕಥೆ ಚೆನ್ನಾಗಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಅನ್ನುವ ಎಸಿ ಬಸ್ಸಿನಲ್ಲಿ ಬರುವ ಅಪ್ಪ, ಮಗಳು. ಅವರ ಮಾತೇ ಕಥೆ. ಆದರೆ ಆ ಮಾತನ್ನು ಓಡುವ ಬಸ್ಸಿನಲ್ಲಿ ಹಿಡಿಯುವುದು ಹೇಗೆ? ಎಸಿಯ ಗುಂಯ್ ಸದ್ದು ನಿಲ್ಲುವುದಿಲ್ಲ. ನಡುವೆ ನಿಲ್ದಾಣದ ಹೆಸರು ಕೂಗುತ್ತದೆ. ಅಪ್ಪನ ಮುಖದಿಂದ ಮಗಳ ಮುಖಕ್ಕೆ ಕಟ್ ಮಾಡಿದರೆ ಆ ಕೂಗು ಅರ್ಧಕ್ಕೇ ತುಂಡಾಗುತ್ತದೆ. ಡಬ್ಬಿಂಗ್ ಮಾಡಬಹುದು, ನಿಜ. ಆದರೆ ಎಂದೂ ನಟಿಸದ ನಮ್ಮಂಥವರು ಕೋಣೆಯಲ್ಲಿ ಕೂತು ಅದೇ ಮಾತನ್ನು ಮತ್ತೆ ಆಡಿದರೆ ಓದಿ ಹೇಳಿದ ಹಾಗೆ ಕೇಳುತ್ತದೆ. ಹಿಂದಿನ ಬ್ಯಾಚಿನ ಕಿರುಚಿತ್ರಗಳನ್ನು ಕೂತು ನೋಡಿದೆ. ಕಥೆ ಒಳ್ಳೆಯದಿದ್ದರೂ ಮಾತು ಕೇಳದೆ ಸೋತವು ಜಾಸ್ತಿ.

ಹಾಗಂತ ಮ್ಯೂಸಿಕ್ ವಿಡಿಯೋದಲ್ಲಿ ಸದ್ದಿನ ತಲೆನೋವು ಇಲ್ಲ ಅಂತಲ್ಲ. ಮೊದಲು ಹಾಡು ಬೇಕು. ಧಾರವಾಡದಲ್ಲಿ ಇದ್ದೇವೆ, ಬೇಂದ್ರೆಯವರ ಕವಿತೆ ಮಾಡೋಣ ಅಂತ ಒಬ್ಬ ಗೆಳೆಯ ಹೇಳಿದ. ಆಸೆ ನನಗೂ ಇತ್ತು. ಆದರೆ ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅಂದರೆ 2041 ಮುಗಿಯುವ ತನಕ ಅನುಮತಿ ಕೇಳಬೇಕು. ಕಾಲೇಜಿನ ಒಳಗೆ ತೋರಿಸುವುದು ಬೇರೆ ಮಾತು, ನಮಗೆ ಯೂಟ್ಯೂಬಿಗೂ ಹಾಕಬೇಕಿತ್ತು.

ಆಗ ನಾನು ಶರೀಫರ ತತ್ವಪದ ಅಂದೆ. ಶಿಶುನಾಳ ಶರೀಫರು ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರು, ಶಿಗ್ಗಾವಿ ತಾಲ್ಲೂಕು. 1889ರಲ್ಲೇ ತೀರಿಕೊಂಡರು, ಹಾಗಾಗಿ ಪದಗಳ ಮೇಲೆ ಯಾರ ಹಕ್ಕೂ ಇಲ್ಲ. ಒಂದು ವಿಷಯ ಮಾತ್ರ ನೆನಪಿಡಬೇಕು. ನಾವು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದ ಧಾಟಿಗಳನ್ನು ಈಚಿನವರು ಕೂಡಿಸಿದ್ದಾರೆ. ಆ ಧಾಟಿಗೂ ಆ ರೆಕಾರ್ಡಿಂಗಿಗೂ ಹಕ್ಕುದಾರರು ಇದ್ದಾರೆ. ನಮಗೆ ಆ ಚಿಂತೆ ಬರಲಿಲ್ಲ. ನಮ್ಮ ಕಾಕಾ ಊರಿನ ಭಜನಾ ಮೇಳದಲ್ಲಿ ಹಾಡುತ್ತಾರೆ. ಅವರ ಧಾಟಿ ಊರಿನ ಹಿರಿಯರಿಂದ ಬಂದದ್ದು. ಶ್ರಾವಣ ಶನಿವಾರ ಹಣಮಪ್ಪನ ಗುಡಿಯಲ್ಲಿ ಪೇಟಿ (ಹಾರ್ಮೋನಿಯಂ), ತಬಲಾ, ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ), ತಾಳ ಕೂಡಿದರೆ ಬೆಳಗಿನ ಜಾವದ ತನಕ ನಡೆಯುತ್ತದೆ. ಆ ದನಿಯನ್ನು ಸರಿಯಾಗಿ ಒಮ್ಮೆ ಹಿಡಿದಿಡಬೇಕು ಅನ್ನುವುದು ನನ್ನ ಬಹುದಿನದ ಆಸೆ. ಆಯ್ಕೆ ನಿಜವಾಗಿ ಇಲ್ಲಿಗೇ ಮುಗಿದಿತ್ತು.

ಮ್ಯೂಸಿಕ್ ವಿಡಿಯೋ ಮಾಡುವ ರೂಢಿ ನಿಮಗೆ ಗೊತ್ತಿರಬಹುದು. ಹಾಡನ್ನು ಮೊದಲೇ ರೆಕಾರ್ಡ್ ಮಾಡುತ್ತಾರೆ. ಶೂಟಿಂಗ್ ಜಾಗದಲ್ಲಿ ಸ್ಪೀಕರಿನಲ್ಲಿ ಅದನ್ನೇ ಹಾಕುತ್ತಾರೆ, ಇದಕ್ಕೆ ಪ್ಲೇಬ್ಯಾಕ್ ಅನ್ನುತ್ತಾರೆ. ಹಾಡುವವರು ತುಟಿ ಕೂಡಿಸುತ್ತಾರೆ. ಹೊಲದಲ್ಲಿ ಒಮ್ಮೆ, ಮಾಳಿಗೆ ಮೇಲೆ ಒಮ್ಮೆ ತೆಗೆದರೂ ಸದ್ದು ಒಂದೇ ಇರುವುದರಿಂದ ಯಾವ ಶಾಟ್ ಯಾವುದರ ಪಕ್ಕ ಇಟ್ಟರೂ ಕೂಡುತ್ತದೆ. ಸ್ಲೋ ಮೋಷನ್‌ಗೂ ಉಪಾಯ ಇದೆ. ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಸೆಕೆಂಡಿಗೆ 50 ಫ್ರೇಮ್ (ಬಿಡಿ ಚಿತ್ರ) ತೆಗೆದು, ಆಮೇಲೆ 25ರಲ್ಲಿ ಓಡಿಸಬೇಕು. ತುಟಿ ಹಾಡಿಗೆ ಸರಿ ಹೋಗುತ್ತದೆ, ಮೈ ಮಾತ್ರ ನಿಧಾನ ಚಲಿಸುತ್ತದೆ.

ಕಾಕಾನ ಮುಂದೆ ಇದು ಯಾವುದೂ ನಡೆಯಲಿಲ್ಲ. ಅವರೇ ಹಾಡಿದ್ದನ್ನು ಅವರಿಗೇ ಕೇಳಿಸಿ ತುಟಿ ಆಡಿಸಿರಿ ಅಂದೆವು. ಒಂದು ಸಾಲು ಕೂಡಲಿಲ್ಲ. ಭಜನೆಯವರು ಒಂದೇ ಪದವನ್ನು ಎರಡು ಸಲ ಒಂದೇ ರೀತಿ ಹಾಡುವುದಿಲ್ಲ. ಒಂದು ಸಲ ಪಲ್ಲವಿ ಮೂರು ಬಾರಿ ಬರುತ್ತದೆ, ಇನ್ನೊಂದು ಸಲ ಪೇಟಿ ಮಾಸ್ತರ ಒಂದು ಸ್ವರ ಹಿಡಿದರೆ ಕಾಕಾ ಅಲ್ಲೇ ನಿಂತು ಎಳೆಯುತ್ತಾರೆ. “ಯವ್ವಾ, ಬರೇ ಬಾಯಿ ಆಡಸು ಅಂದ್ರ ಹೆಂಗ? ಪದಾ ಒಳಗಿಂದ ಬರಬೇಕಲ್ಲ?” ಅಂದರು. ಅವರ ಮಾತು ಸರಿ ಅನ್ನಿಸಿತು. ಪ್ಲೇಬ್ಯಾಕ್ ಬಿಟ್ಟೆವು.

ಗುಡಿಯಲ್ಲೇ ಕೂತು ಹಾಡುವಾಗ ನೇರವಾಗಿ ತೆಗೆದೆವು. ಸದ್ದಿಗೆ ಒಂದು ಬೇರೆ ರೆಕಾರ್ಡರ್, ಚಿತ್ರಕ್ಕೆ ಕಾಲೇಜಿನ ಕ್ಯಾಮೆರಾ, ಜೊತೆಗೆ ಎರಡು ಮೊಬೈಲ್. ಇದನ್ನು ಮಾಡುವವರಿಗೆ ಎರಡು ಮಾತು ಹೇಳಬೇಕು. ಮೊಬೈಲ್ ಕ್ಯಾಮೆರಾ ಸಾಮಾನ್ಯವಾಗಿ ಫ್ರೇಮುಗಳನ್ನು ಒಂದೇ ಸಮ ವೇಗದಲ್ಲಿ ತೆಗೆಯುವುದಿಲ್ಲ. ಶುರುವಿನಲ್ಲಿ ಚಪ್ಪಾಳೆ ಹೊಡೆದು, ಆ ಸದ್ದಿನ ಗುರುತಿಗೆ ಚಿತ್ರ, ಸದ್ದು ಎರಡನ್ನೂ ಕೂಡಿಸಿದರೂ ಮೂರನೇ ನಿಮಿಷಕ್ಕೆ ತುಟಿ, ಸದ್ದು ಬೇರೆ ಆಗಬಹುದು. ಎಡಿಟಿಂಗಿಗೆ ಮೊದಲು ಆ ಫೈಲುಗಳನ್ನು ಸ್ಥಿರ ಫ್ರೇಮ್ ರೇಟಿಗೆ ಬದಲಿಸಿಕೊಳ್ಳಿ. ಇನ್ನೊಂದು, ಗುಡಿಯ ಲೈಟು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಕ್ಯಾಮೆರಾದ ಶಟರ್ ಸೆಕೆಂಡಿನ 1/50 ಅಥವಾ 1/100 ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವುದು ಕಾಣುವುದಿಲ್ಲ.

ಗೈಡ್ ಮೇಡಂ ಒಂದು ಪ್ರಶ್ನೆ ಕೇಳಿದರು. ಬರೀ ಹಾಡುವುದನ್ನು ತೋರಿಸಿದರೆ ಅದು ಕಾರ್ಯಕ್ರಮದ ರೆಕಾರ್ಡಿಂಗ್ ಆಯಿತು, ಮ್ಯೂಸಿಕ್ ವಿಡಿಯೋ ಹೇಗೆ ಅಂತ. ಒಳ್ಳೆಯ ಪ್ರಶ್ನೆ, ಇದರ ಮೇಲೆ ನಾವು ತುಂಬಾ ಯೋಚಿಸಿದೆವು. ತತ್ವಪದದಲ್ಲಿ ಮನೆ ಅಂದರೆ ಬರೀ ಮನೆಯಲ್ಲ, ನಮ್ಮ ದೇಹ. ಹಾಡಿನಲ್ಲಿ ಮನೆ ಬಂದಾಗ ಒಂದು ಮನೆ ತೋರಿಸಿಬಿಟ್ಟರೆ ಆ ಪದದ ಒಳಗಿನ ಅರ್ಥಕ್ಕೆ ಬಾಗಿಲು ಹಾಕಿದ ಹಾಗೆ. ಅದಕ್ಕೆ ನಾವು ಪದದ ಮಾತಿಗೆ ಚಿತ್ರ ಹುಡುಕಲಿಲ್ಲ. ಹಾಡುವವರ ದಿನದ ಕೆಲಸ ತೆಗೆದೆವು. ಎರೆಹೊಲದಲ್ಲಿ ಕಡಲೆ ಕೀಳುವ ಕಾಕಾನ ಕೈ. ತಬಲಾ ಬಾರಿಸುವವರ ಸೈಕಲ್ ರಿಪೇರಿ ಅಂಗಡಿ. ಹಿಂದೆ ಕಪ್ಪತಗುಡ್ಡದ ಗಾಳಿಯಂತ್ರಗಳು. ಅದೇ ಕೈ ರಾತ್ರಿ ದಮ್ಮಡಿ ಹಿಡಿದಾಗ ಏನಾಗುತ್ತದೆ ಅನ್ನುವುದು ಕಾಣಬೇಕು. ಕಿರುಚಿತ್ರ ಬೇಕು ಅಂದಿದ್ದ ಗೆಳತಿಯೇ ಈ ಶಾಟುಗಳನ್ನು ಜೋಡಿಸುತ್ತಿದ್ದಾಳೆ. ಕಥೆ ಬರೆಯುವ ಅವಳ ಕೈಗೆ ಯಾವುದರ ನಂತರ ಯಾವುದು ಬರಬೇಕು ಅಂತ ನನಗಿಂತ ಚೆನ್ನಾಗಿ ಗೊತ್ತು.

ಈಗ ಎಡಿಟಿಂಗ್ ನಡೆದಿದೆ. ಮೇಳದ ಎಲ್ಲರಿಂದ ಒಪ್ಪಿಗೆ ಪತ್ರಕ್ಕೆ ಸಹಿ ತಗೊಂಡಿದ್ದೇವೆ. ಯೂಟ್ಯೂಬಿಗೆ ಹಾಕುತ್ತೇವೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ. ಕೊನೆಯ ಟೈಟಲಿನಲ್ಲಿ ಪದ ಶರೀಫರದು, ಧಾಟಿ ಊರಿನ ಮೇಳದ್ದು ಅಂತ ಹಾಕಿ, ಪೇಟಿ, ತಬಲಾ, ದಮ್ಮಡಿ, ತಾಳದವರ ಹೆಸರು ಬರೆದು, ಆಮೇಲೆ ನಮ್ಮ ನಾಲ್ವರ ಹೆಸರು ಹಾಕುತ್ತೇವೆ.