ಸೊಂಟದ ಸುತ್ತಳತೆ 79

ತಿಂಗಳ ಕೊನೆಯ ವಾರ ಪಿಎಚ್‌ಸಿಯ ನನ್ನ ಮೇಜಿನ ಮೇಲೆ ಆಶಾ ಕಾರ್ಯಕರ್ತೆಯರ ಕ್ಲೇಮ್ ಫಾರ್ಮ್‌ಗಳು ಬಂದು ಕೂರುತ್ತವೆ. ಸಿಸ್ಟರ್ ಪರಿಶೀಲಿಸಿ ಕೊಡುತ್ತಾರೆ, ನಾನು ಸಹಿ ಹಾಕಬೇಕು. ಆ ಸಲ ಒಬ್ಬರು 112 ಸಿಬ್ಯಾಕ್ ಫಾರ್ಮ್ ತುಂಬಿದ್ದರು. ಮೂವತ್ತು ದಾಟಿದ ಪ್ರತಿಯೊಬ್ಬರ ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯೇ ಎಂದು ಕೇಳಿ ಕಾಯಿಲೆಯ ಅಪಾಯಕ್ಕೆ ಅಂಕ ಹಾಕುವ ಹಾಳೆ ಅದು. ಒಂದು ಫಾರ್ಮಿಗೆ 10 ರೂಪಾಯಿ. ಒಟ್ಟು 1,120.

ಪೆನ್ನು ತೆಗೆದವಳು ಹಾಗೇ ಒಂದೆರಡು ಹಾಳೆ ತಿರುಗಿಸಿದೆ. 79. 80. 78. 79. ಮತ್ತೆ 79. ಸಾಲಾಗಿ ನಲವತ್ತು ಹೆಂಗಸರ ಸೊಂಟ ಎಂಬತ್ತು ಸೆಂಟಿಮೀಟರ್ ದಾಟಿರಲಿಲ್ಲ. ಹೆಂಗಸರಿಗೆ ಎಂಬತ್ತರವರೆಗೆ ಅಂಕ ಸೊನ್ನೆ.

ಕರೆದು ಕೇಳಿದೆ. ದನಿ ಏರಿತ್ತು, ಅದಕ್ಕೆ ಈಗಲೂ ಬೇಜಾರಿದೆ. ಆಕೆ ಸುಮ್ಮನೆ ಬ್ಯಾಗಿನಿಂದ ಟೇಪ್ ತೆಗೆದು ಮೇಜಿನ ಮೇಲಿಟ್ಟರು. ಎಂಬತ್ತೈದರ ಹತ್ತಿರ ಹರಿದು ಹೋಗಿತ್ತು. "ಕೇಳಿ ಕೇಳಿ ಸಾಕಾಯ್ತು ಮೇಡಂ. ಸಂಜೆ ಆರಕ್ಕೆ ಹೊಲದಿಂದ ಬರ್ತಾರೆ. ಜಗಲಿ ಮೇಲೆ ಮಾವ ಕೂತಿರ್ತಾರೆ, ಅವರೆದುರು ಸೊಂಟ ಅಳೀತೀನಿ ಅಂದ್ರೆ ಯಾರು ನಿಲ್ತಾರೆ? ಖಾಲಿ ಬಿಟ್ರೆ ಅರ್ಧಂಬರ್ಧ ಅಂತ ಫಾರ್ಮ್ ವಾಪಸ್ ಬರುತ್ತೆ."

ಮಾರನೇ ದಿನ ಬೆಳಗ್ಗೆ ಟೈಲರ್ ಹತ್ತಿರ ಹೊಸ ಟೇಪ್ ಇಸಿದುಕೊಂಡು ಅವರ ಜೊತೆ ಊರಿಗೆ ಹೋದೆ. ಎರಡನೇ ಮನೆಯಲ್ಲಿ ಐವತ್ತೆರಡರ ಹೆಂಗಸು ರಾಗಿ ಹಸನು ಮಾಡುತ್ತಿದ್ದರು. ಫಾರ್ಮಿನಲ್ಲಿ 79, ಒಟ್ಟು ಅಂಕ 3. ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆವು. ನೆರಿಗೆಯ ಗಂಟು ಕೆಳಗೆ ಸರಿಸಿ, ಹೊಟ್ಟೆ ಬಿಗಿಹಿಡಿಯದೆ ನಿಧಾನ ಉಸಿರು ಬಿಡಲು ಹೇಳಿ, ಟೇಪ್ ಸುತ್ತಿದಾಗ 94. ಅಂಕ 5 ಆಯಿತು. ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕೆಂಬುದು ನಿಯಮ. ಅಲ್ಲೇ ಬಿಪಿ ನೋಡಿದೆ. 178/108. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೂ ಇಳಿಯಲಿಲ್ಲ. "ತಲೆನೋವು ಬರುತ್ತೆ ಡಾಕ್ಟ್ರಮ್ಮ, ಬಿಸಿಲಿಗೆ ಅನ್ಕೊಂಡಿದ್ದೆ" ಅಂದರು.

ಅರ್ಧ ದಿನಕ್ಕೆ ಮುಗಿದದ್ದು ಒಂಬತ್ತು ಮನೆ. ಅಂದರೆ ತೊಂಬತ್ತು ರೂಪಾಯಿಯ ಕೆಲಸ.

ಹಾಗೆಂದು ಆ ಹತ್ತು ರೂಪಾಯಿಯೇ ತಪ್ಪು ಎಂದು ನಾನು ಹೇಳುವುದಿಲ್ಲ. ಮೊದಲು ಹಳ್ಳಿಯ ಹೆಣ್ಣು ನಮ್ಮ ದಾಖಲೆಯಲ್ಲಿ ಕಾಣುತ್ತಿದ್ದದ್ದು ಬಸುರಿಯಾದಾಗ ಮಾತ್ರ. ತಾಯಿ ಕಾರ್ಡ್, ಹೆರಿಗೆ, ಮಗುವಿನ ಲಸಿಕೆ, ಆಪರೇಷನ್. ಅಲ್ಲಿಗೆ ಅವಳ ಹೆಸರು ರಿಜಿಸ್ಟರಿನಿಂದ ಮಾಯ. ಮುಂದೆ ಪಾರ್ಶ್ವವಾಯು ಬಡಿದು ಆಟೋದಲ್ಲಿ ತಂದಾಗಲೇ ಮತ್ತೆ ಭೇಟಿ. ಈ ಹಾಳೆಗಳಿಂದ ಅವರೆಲ್ಲರ ಹೆಸರಾದರೂ ಬಂತು. ಆದರೆ ದುಡ್ಡು ತುಂಬಿದ ಹಾಳೆಗೆ ಸಿಗುತ್ತಿತ್ತು, ಬಾಗಿಲು ಮುಂದೆ ಮಾಡಿ ಅಳೆದದ್ದಕ್ಕಲ್ಲ. ಖಾಲಿ ಕಾಲಂ ನೋಡಿದರೆ ಯಾರಾದರೂ ಮತ್ತೆ ಆ ಮನೆಗೆ ಹೋಗಿ ಕೇಳುತ್ತಾರೆ. 79 ಎಂದು ಬರೆದ ಮನೆಗೆ ಯಾರು ಹೋಗುತ್ತಾರೆ?

ಇಂಗ್ಲೆಂಡಿನಲ್ಲಿ ಜಿಪಿ ಆಗಿರುವ ನನ್ನ ಸಹಪಾಠಿಗೆ ಆ ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಲ್ಲಿ 2004ರಿಂದಲೇ ಜಿಪಿಗಳಿಗೆ, ಅಂದರೆ ಫ್ಯಾಮಿಲಿ ಡಾಕ್ಟರುಗಳಿಗೆ, ಗುರಿ ಮುಟ್ಟಿದ್ದಕ್ಕೆ ಅಂಕ, ಆ ಅಂಕದ ಲೆಕ್ಕದಲ್ಲಿ ಹಣ. ಶುರುವಿನಲ್ಲಿ ಒಟ್ಟು 1,050 ಅಂಕ, ಬಿಪಿ ರೋಗಿಗಳಿಗೆ ಗುರಿ 150/90. ಅದರಿಂದ ಕಂಪ್ಯೂಟರಿನಲ್ಲಿ ದಾಖಲೆ ಎಷ್ಟೋ ಚೊಕ್ಕವಾಯಿತಂತೆ. ಆಮೇಲೆ ಸಂಶೋಧಕರು ನೋಡಿದರೆ, 150ಕ್ಕೆ ಒಂದೆರಡು ಕಡಿಮೆ ಇರುವ ರೀಡಿಂಗ್‌ಗಳು ಹೆಚ್ಚಾಗಿದ್ದವು. ಓದಿದ ಡಾಕ್ಟರುಗಳ ಕೈಯೇ ಹಾಗೆ ವಾಲುವುದಾದರೆ, ಸಂಬಳವಿಲ್ಲದೆ ಗೌರವಧನ, ಪ್ರೋತ್ಸಾಹಧನದಲ್ಲಿ ಮನೆ ನಡೆಸುವ ಈ ಹೆಣ್ಣುಮಗಳ ಮೇಲೆ ನಾನು ರೇಗಿದ್ದು ನೆನೆದು ನಿದ್ದೆ ಬರಲಿಲ್ಲ.

ಮರುದಿನ ನಲವತ್ತು ಹಾಳೆ ವಾಪಸ್ ಕೊಟ್ಟೆ, ಜೊತೆಗೆ ಹೊಸ ಟೇಪ್. ಒಪ್ಪದವರಿದ್ದರೆ ಹಾಗೆಂದೇ ಬರೆಯಿರಿ, ನಾನು ತಿರುಗಿಸಿ ಕಳಿಸುವುದಿಲ್ಲ ಎಂದೆ. ಉಳಿದ ಆಶಾಗಳಿಗೂ ಮೀಟಿಂಗಿನಲ್ಲಿ ಅದನ್ನೇ ಹೇಳಿದೆ. ಆ ತಿಂಗಳು ತಾಲ್ಲೂಕು ಸಭೆಯಲ್ಲಿ ನಮ್ಮ ಪ್ರಗತಿ ಕೆಳಗಿತ್ತು. ಕಾರಣ ಹೇಳಿದೆ. ಅಳತೆಗೆ ತಗಲುವ ಹೊತ್ತಿಗೂ ಹಣ ಸೇರಿಸಿ ಎಂದು ಬರೆದೂ ಕೊಟ್ಟೆ. ಅದಕ್ಕೆ ಉತ್ತರ ಬಂದಿಲ್ಲ, ನಾನು ಕೇಳುವುದನ್ನೂ ಬಿಟ್ಟಿಲ್ಲ.

ಹತ್ತು ದಿನದ ಮೇಲೆ ಆಕೆ ಬಂದರು. ನಲವತ್ತರಲ್ಲಿ ಮೂವತ್ತೊಂದು ಹಾಳೆ. 73, 88, 101, 84, 96. ಎಲ್ಲ ಹೊಡೆದು ತಿದ್ದಿದ್ದು, ಅಲ್ಲಲ್ಲಿ ಬೆವರಿಗೆ ಇಂಕು ಹರಡಿತ್ತು. ಒಂದು ಹಾಳೆಯ ಸೊಂಟದ ಕಾಲಂನಲ್ಲಿ ಅಂಕಿ ಇರಲಿಲ್ಲ. "ಅತ್ತೆ ಇದ್ದರು, ಒಪ್ಪಲಿಲ್ಲ. ಬುಧವಾರ ಅತ್ತೆ ಸಂತೆಗೆ ಹೋಗ್ತಾರೆ, ಆಗ ಹೋಗಬೇಕು" ಎಂದು ಪುಟ್ಟ ಅಕ್ಷರದಲ್ಲಿ ಬರೆದಿದ್ದರು. ಸಹಿಯನ್ನು ಆ ಹಾಳೆಯಿಂದಲೇ ಶುರು ಮಾಡಿದೆ.